ಊರೂರು ತಿರುಗುವ ಕೆಲಸ, ಪೋರ್ಟಬಲ್ ಮಾನಿಟರ್ ತಗೊಂಡರೆ ಉಪಯೋಗ ಆಗುತ್ತಾ ಅಥವಾ ಸುಮ್ನೆ ಭಾರವಾ?

ನಿಮ್ಮ ಪ್ರಶ್ನೆ ಇಷ್ಟು: ತಿಂಗಳಲ್ಲಿ ಹತ್ತು ದಿನ ಪ್ರಯಾಣ, ಕೈಯಲ್ಲಿ 14 ಇಂಚಿನ ಲ್ಯಾಪ್‌ಟಾಪ್, ಎರಡನೇ ಸ್ಕ್ರೀನ್ ಒಂದನ್ನು ಚೀಲದಲ್ಲಿ ಹಾಕಿಕೊಂಡರೆ ರೈಲಿನಲ್ಲೂ ಲಾಡ್ಜಿನಲ್ಲೂ ಕೆಲಸ ಬೇಗ ಆಗುತ್ತಾ ಅಂತ. ಲಾಡ್ಜಿನಲ್ಲಿ ಆಗುತ್ತದೆ. ರೈಲಿನಲ್ಲಿ ಆಗುವುದಿಲ್ಲ. ಮೂರು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ, ಒಂದನ್ನು ಒಡೆದೂ ಹಾಕಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಲೆಕ್ಕಪತ್ರದ ಕೆಲಸ. ಮನೆ ಹುಬ್ಬಳ್ಳಿಯಲ್ಲಿ. ಗಿರಾಕಿಗಳು ಗಂಗಾವತಿಯ ರೈಸ್ ಮಿಲ್‌ಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಲ್ಲಿ. ಜಿಎಸ್‌ಟಿ ಗೊತ್ತಿರುವವರಿಗೆ ನನ್ನ ತಿಂಗಳು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬಿಲ್ ಕೊಟ್ಟವರು ಅಪ್‌ಲೋಡ್ ಮಾಡಿದ ಖರೀದಿಯ ವಿವರ ಇರುವ 2ಬಿ ಅನ್ನುವ ಪಟ್ಟಿ ಜಿಎಸ್‌ಟಿ ಸೈಟಿನಲ್ಲಿ ಬರುವುದು 14ನೇ ತಾರೀಖಿಗೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 3ಬಿ, ಅಂದರೆ ಆ ತಿಂಗಳ ತೆರಿಗೆಯ ರಿಟರ್ನ್, ಮುಗಿಸಬೇಕಾದದ್ದು 20ಕ್ಕೆ. ನಡುವಿನ ಆರು ದಿನದಲ್ಲಿ ಊರೂರು ಸುತ್ತಿ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿರುವ ಖರೀದಿ ಪುಸ್ತಕಕ್ಕೂ 2ಬಿಗೂ ಸಾಲು ಸಾಲಾಗಿ ತಾಳೆ ಹಾಕಬೇಕು. ಬಿಲ್ ಕೊಟ್ಟವನು ಅಪ್‌ಲೋಡ್ ಮಾಡಿದ್ದಾನಾ, ನಂಬರ್ ಸರಿ ಇದೆಯಾ, ತೆರಿಗೆ ಅಷ್ಟೇ ಇದೆಯಾ.

ಒಂದೇ ಸ್ಕ್ರೀನಿನಲ್ಲಿ ಇದನ್ನು ಮಾಡಿ ನೋಡಿ. ಬಿಲ್ ನಂಬರ್ 16 ಅಕ್ಷರದವರೆಗೂ ಇರಬಹುದು, ನಡುವೆ ಅಡ್ಡಗೆರೆ ಓರೆಗೆರೆ ಬೇರೆ. ಟ್ಯಾಲಿಯಲ್ಲಿ ನೋಡಿಕೊಂಡು 2ಬಿ ಇರುವ ಎಕ್ಸೆಲ್‌ಗೆ ಬರುವಷ್ಟರಲ್ಲಿ ಕೊನೆಯ ನಾಲ್ಕು ಅಕ್ಷರ ಮರೆತಿರುತ್ತದೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಫಾರ್ಮುಲಾ ಹಾಕಿದರೆ ಮುಕ್ಕಾಲು ಪಾಲು ತಾನಾಗಿ ತಾಳೆಯಾಗುತ್ತದೆ, ನಿಜ. ಆದರೆ ಕೂಡದೆ ಉಳಿದ ಸಾಲುಗಳೇ ತಾನೇ ನಮ್ಮ ಕೆಲಸ? ಅವನ್ನು ಕಣ್ಣಿನಿಂದಲೇ ನೋಡಬೇಕು. ಎರಡು ಸ್ಕ್ರೀನ್ ಅಕ್ಕಪಕ್ಕ ಇದ್ದಾಗ ಕತ್ತು ಅಷ್ಟೇ ತಿರುಗುತ್ತದೆ, ಕೈ ಸುಮ್ಮನಿರುತ್ತದೆ. ಮೊದಲು ಸಂಜೆವರೆಗೂ ಎಳೆಯುತ್ತಿದ್ದ ಮಿಲ್ಲಿನ ಕೆಲಸ ಈಗ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ.

ಅದಕ್ಕೇ ನಾನು ಮೊದಲು ಕೇಳುವುದು, ನಿಮ್ಮ ಕೆಲಸದಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಮಾಡುವುದು ಇದೆಯಾ? ಇದ್ದರೆ ತಗೊಳ್ಳಿ. ಬರೀ ಮೇಲ್, ಮೀಟಿಂಗ್, ಒಂದು ವರ್ಡ್ ಫೈಲ್ ಅಂತಿದ್ದರೆ ಬೇಡ. ಎರಡನೇ ಸ್ಕ್ರೀನಿನಲ್ಲಿ ವಾಟ್ಸಾಪ್ ತೆರೆದಿಟ್ಟುಕೊಂಡು ಕೂರುವುದಕ್ಕೆ ಒಂದು ಕೆಜಿ ಹೊರಬೇಕಾ?

ಒಂದು ಕೆಜಿ ಅಂದೆ. ಅಂಗಡಿಯಲ್ಲಿ 700–800 ಗ್ರಾಂ ಅಂತ ಬರೆದಿರುತ್ತಾರೆ, ಅದು ಬರೀ ಸ್ಕ್ರೀನಿನ ತೂಕ. ಕವರ್, ಎರಡು ಕೇಬಲ್, ಚಾರ್ಜರ್ ಸೇರಿದರೆ ಒಂದು ಕೆಜಿ ದಾಟುತ್ತದೆ. ಬೆನ್ನಿಗೆ ಗೊತ್ತಾಗುವುದು ಆ ತೂಕವೇ.

ಈಗ ರೈಲಿನ ವಿಷಯ. ಜಾಹೀರಾತುಗಳಲ್ಲಿ ಒಬ್ಬ ಕಿಟಕಿ ಪಕ್ಕ ಕೂತು, ಎರಡು ಸ್ಕ್ರೀನ್ ಬಿಚ್ಚಿ, ಕಾಫಿ ಇಟ್ಟುಕೊಂಡು ನಗುತ್ತಿರುತ್ತಾನೆ. ಅವನು ನಮ್ಮ ಚೇರ್ ಕಾರ್‌ನಲ್ಲಿ ಕೂತಿಲ್ಲ. ಮುಂದಿನ ಸೀಟಿನ ಹಿಂದಿರುವ ಟ್ರೇ ಮೇಲೆ ಲ್ಯಾಪ್‌ಟಾಪ್ ಒಂದೇ ಹೇಗೋ ಕೂರುತ್ತದೆ. ಮುಂದಿನವರು ಸೀಟ್ ಹಿಂದಕ್ಕೆ ಬಾಗಿಸಿದರೆ ಅದೂ ಇಲ್ಲ. ಒಮ್ಮೆ ಹಟ ಮಾಡಿ ಮಾನಿಟರನ್ನು ತೊಡೆ ಮೇಲೆ ನಿಲ್ಲಿಸಿ ನೋಡಿದೆ. ಪಕ್ಕದಲ್ಲಿ ಕೂತ ಹಿರಿಯರು ಹತ್ತು ನಿಮಿಷ ಸುಮ್ಮನೆ ನೋಡಿ, ‘ಈ ಪಾರ್ಟಿ ನಮ್ಮ ಕಡೀದಲ್ಲೇನ್ರೀ?’ ಅಂದರು. ಗಿರಾಕಿಯ ವಹಿವಾಟು ಪೂರ್ತಿ ಬೋಗಿಗೆ ಕಾಣುವ ಹಾಗೆ ತೆರೆದಿಟ್ಟಿದ್ದೆ. ಅವತ್ತೇ ಕೊನೆ. ಸ್ಲೀಪರ್ ಅಥವಾ ಎಸಿ ಬರ್ತ್‌ನಲ್ಲಿ ಕೂತು ಮಾಡುತ್ತೇನೆ ಅಂತಿದ್ದರೆ, ರಾತ್ರಿ ಎಷ್ಟೋ ರೈಲುಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಬಂದ್ ಇರುತ್ತದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ. ಬಸ್ಸಿನ ಮಾತು ಬಿಡಿ.

ಬ್ಯಾಟರಿ ಲೆಕ್ಕ ಹೇಗೆ ಅಂದರೆ, ಸಾಮಾನ್ಯ 14 ಇಂಚಿನ ಲ್ಯಾಪ್‌ಟಾಪ್ ಬ್ಯಾಟರಿ 50 ವ್ಯಾಟ್-ಅವರ್ ಆಸುಪಾಸು. ಎಕ್ಸೆಲ್ ಕೆಲಸಕ್ಕೆ ಅದು ಸುಮಾರು 10 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ, ಐದು ಗಂಟೆ ಬರುತ್ತದೆ. ಮಾನಿಟರ್ ಅದೇ ಲ್ಯಾಪ್‌ಟಾಪಿನಿಂದ ಇನ್ನೊಂದು 8 ವ್ಯಾಟ್ ಎಳೆದರೆ ಮೂರು ಗಂಟೆಯೂ ಇಲ್ಲ. ಮಾನಿಟರಿನ ಬೆಳಕು ಅರ್ಧಕ್ಕೆ ಇಳಿಸಿದರೆ ಸ್ವಲ್ಪ ಉಳಿಯುತ್ತದೆ. ಆದರೆ ಈ ಮಾನಿಟರ್‌ಗಳ ಬೆಳಕು ಮೊದಲೇ ಕಡಿಮೆ, 250 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ) ಆಸುಪಾಸು. ಕಿಟಕಿ ಎದುರು ಕೂತರೆ ಅದೂ ಸಾಲದು.

ಇನ್ನು ಕೇಬಲ್. ದುಡ್ಡು ಹಾಕುವ ಮುಂಚೆ ನೀವು ನೋಡಬೇಕಾದದ್ದು ಇದನ್ನೇ, ಸ್ಕ್ರೀನನ್ನಲ್ಲ. ಪೆಟ್ಟಿಗೆ ಮೇಲೆ ‘ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕು’ ಅಂತ ಇರುತ್ತದೆ. ಸುಳ್ಳಲ್ಲ, ಆದರೆ ಅದಕ್ಕೆ ಎರಡು ಷರತ್ತು. ಒಂದು, ನಿಮ್ಮ ಲ್ಯಾಪ್‌ಟಾಪಿನ ಸಿ ಪೋರ್ಟ್ ಚಿತ್ರವನ್ನೂ ಹೊರಗೆ ಕಳಿಸುವಂತಿರಬೇಕು. ಇದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅನ್ನುತ್ತಾರೆ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಿ ಪೋರ್ಟ್ ಇರುತ್ತದೆ, ಇದು ಇರುವುದಿಲ್ಲ. ನೋಡಲು ಎರಡೂ ಒಂದೇ ತರಹದ ತೂತು. ಪೋರ್ಟ್ ಪಕ್ಕ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಸರಿ. ಗುರುತು ಇಲ್ಲದಿದ್ದರೆ ಇಲ್ಲವೇ ಇಲ್ಲ ಅಂತಲ್ಲ, ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ನೋಡಿ. ಎರಡನೆಯದು ಕೇಬಲ್. ಫೋನಿನ ಜೊತೆ ಬಂದ ಬಿಳಿ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದೆ, ಫೈಲ್ ಹೋಗುತ್ತದೆ, ಚಿತ್ರ ಮಾತ್ರ ಹೋಗುವುದಿಲ್ಲ. ಅದರೊಳಗೆ ಚಿತ್ರಕ್ಕೆ ಬೇಕಾದ ತಂತಿಗಳೇ ಇರುವುದಿಲ್ಲ. ನಾನು ಮೊದಲ ಸಲ ಬ್ಯಾಡಗಿಗೆ ಹೋದಾಗ ಮಾನಿಟರಿನ ಕೇಬಲ್ ಮನೆಯಲ್ಲೇ ಮರೆತು, ಫೋನಿನದ್ದು ಹಾಕಿ, ‘ನೋ ಸಿಗ್ನಲ್’ ನೋಡುತ್ತಾ ಅರ್ಧ ಗಂಟೆ ಕೂತೆ. ಅಂಗಡಿಯ ಗುಮಾಸ್ತನಿಗೆ ನನ್ನ ಮೇಲಿದ್ದ ಗೌರವ ಅವತ್ತು ಸ್ವಲ್ಪ ಇಳಿಯಿತು. ಈಗ ಆ ಕೇಬಲ್‌ಗೆ ಕೆಂಪು ದಾರ ಕಟ್ಟಿ ಮಾನಿಟರಿನ ಕವರಿನೊಳಗೇ ಇಡುತ್ತೇನೆ.

ನಿಮ್ಮ ಸಿ ಪೋರ್ಟ್‌ನಲ್ಲಿ ಚಿತ್ರ ಬರುವುದಿಲ್ಲ ಅಂದರೆ ಎಚ್‌ಡಿಎಂಐ ಇದೆ. ಮಾನಿಟರಿನ ಕಡೆ ಹೆಚ್ಚಾಗಿ ಮಿನಿ ಎಚ್‌ಡಿಎಂಐ ಇರುತ್ತದೆ, ಅಂಗಡಿಗೆ ಓಡಿದರೆ ತಕ್ಷಣ ಸಿಗುವಂಥದ್ದಲ್ಲ. ಎಚ್‌ಡಿಎಂಐನಲ್ಲಿ ಮಾನಿಟರ್ ನಡೆಯುವಷ್ಟು ಕರೆಂಟ್ ಬರುವುದಿಲ್ಲ, ಅದಕ್ಕೆ ಬೇರೆ ತಂತಿ ಬೇಕು. ಆ ತಂತಿಯನ್ನು ಲ್ಯಾಪ್‌ಟಾಪಿನ ಹಳೆಯ ಚಪ್ಪಟೆ ಯುಎಸ್‌ಬಿಗೆ ಚುಚ್ಚಬೇಡಿ. ಅದರ ಸಾಮಾನ್ಯ ಮಿತಿ 4.5 ವ್ಯಾಟ್. ಮಾನಿಟರ್ ಹೊತ್ತಿಕೊಳ್ಳುತ್ತದೆ, ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟೋ ಜನ ಇದನ್ನು ನೋಡಿಯೇ ಪೀಸ್ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ. ಫೋನಿನ ಒಳ್ಳೆಯ ಚಾರ್ಜರ್ ಹಾಕಿದರೆ ಅದೇ ಮಾನಿಟರ್ ತೆಪ್ಪಗೆ ನಡೆಯುತ್ತದೆ.

ಮಿಲ್ ಆಫೀಸುಗಳಲ್ಲಿ ಪ್ಲಗ್ಗಿನದ್ದೇ ಜಗಳ. ಒಂದು ದೇವರ ಫೋಟೋದ ಲೈಟಿಗೆ, ಇನ್ನೊಂದು ಲಾರಿ ತೂಗುವ ಕಾಟಾದ ಕಂಪ್ಯೂಟರಿಗೆ, ಉಳಿದದ್ದು ಒಂದೇ. ಅದಕ್ಕೆ ಪಾಸ್-ಥ್ರೂ ಚಾರ್ಜಿಂಗ್ ಇರುವ ಮಾನಿಟರ್ ತಗೊಂಡೆ. 65 ವ್ಯಾಟಿನ ಚಾರ್ಜರ್ ಮಾನಿಟರಿಗೆ ಹಾಕಿದರೆ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಒಂದೇ ಪ್ಲಗ್, ಒಂದೇ ಚಾರ್ಜರ್. ಕರೆಂಟ್ ಹೋದಾಗ ಮಾತ್ರ ಮಾನಿಟರ್ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯುತ್ತದೆ, ಅಷ್ಟರಲ್ಲಿ ಅದರ ಮೇಲೆ ತೆರೆದಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪಿಗೆ ಹಾರಿರುತ್ತವೆ. ವಿಂಡೋಸ್ ಕೀ, ಶಿಫ್ಟ್, ಬಾಣದ ಗುರುತು ಒಟ್ಟಿಗೆ ಒತ್ತಿದರೆ ತೆರೆದ ವಿಂಡೋ ಒಂದು ಸ್ಕ್ರೀನಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಇದೊಂದನ್ನು ಬೆರಳಿಗೆ ರೂಢಿ ಮಾಡಿಸಿ. ಹಾಗೆಯೇ ಮಾನಿಟರನ್ನು ಎಡಗಡೆ ಇಟ್ಟಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೂ ಎಡಗಡೆಗೇ ಎಳೆದಿಡಿ. ಇಲ್ಲದಿದ್ದರೆ ಮೌಸ್ ಗೋಡೆಗೆ ಬಡಿದ ಹಾಗೆ ಅಂಚಿನಲ್ಲಿ ನಿಂತುಬಿಡುತ್ತದೆ.

ಸ್ಟ್ಯಾಂಡ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಡಚಿ ನಿಲ್ಲಿಸುವ ಮ್ಯಾಗ್ನೆಟ್ ಕವರ್ ಬರುತ್ತದಲ್ಲ, ಅದು ಅಲ್ಲಾಡದ ಟೇಬಲ್‌ಗೆ ಸರಿ. ಗಂಗಾವತಿಯಲ್ಲಿ ಮಿಲ್ ಶುರುವಾದರೆ ಟೇಬಲ್ಲೂ ಸಣ್ಣಗೆ ನಡುಗುತ್ತದೆ. ಮಾನಿಟರ್ ಮೆಲ್ಲಗೆ ಜಾರಿ, ಹದಿನೈದು ನಿಮಿಷಕ್ಕೊಮ್ಮೆ ದೀರ್ಘದಂಡ ನಮಸ್ಕಾರ ಹಾಕುತ್ತಿತ್ತು. ಮನೆಯಲ್ಲಿ ಒಮ್ಮೆ ವ್ಯಾಸಪೀಠದ ಮೇಲಿಟ್ಟು ನೋಡಿದೆ, ಚೆನ್ನಾಗಿ ಕೂತಿತು. ಆದರೆ ಅಮ್ಮ ನೋಡಿ, ‘ಭಾಗವತ ಇಡೋ ಜಾಗದಾಗ ನಿನ್ನ ಜಿಎಸ್‌ಟಿ ಇಡ್ತಿಯೇನೋ’ ಅಂತ ಎತ್ತಿಕೊಂಡು ಹೋದರು. ಆಮೇಲೆ ಟ್ಯಾಬ್ ಇಡುವ ಮಡಚುವ ಲೋಹದ ಸ್ಟ್ಯಾಂಡ್ ಒಂದನ್ನು ತಂದೆ. ಮಾನಿಟರ್ ಸ್ವಲ್ಪ ಎತ್ತರಕ್ಕೂ ಬಂತು, ಕತ್ತು ನೋವೂ ಕಡಿಮೆಯಾಯಿತು. ಬೆನ್ನಿಗೇ ಕಾಲು ಇರುವ ಮಾನಿಟರ್ ಸಿಕ್ಕರೆ ಅದನ್ನೇ ತಗೊಳ್ಳಿ.

ಒಂದನ್ನು ಒಡೆದು ಹಾಕಿದ್ದೇನೆ ಅಂದಿದ್ದೆನಲ್ಲ, ಆ ಕಥೆ ಹೇಳುತ್ತೇನೆ. ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಚೀಲದಲ್ಲಿ ಲ್ಯಾಪ್‌ಟಾಪ್, ಮಾನಿಟರ್, ಅದರ ಮುಂದೆ ರೊಟ್ಟಿ ಪಲ್ಯದ ಸ್ಟೀಲ್ ಡಬ್ಬಿ. ನೂಕುನುಗ್ಗಲಿನಲ್ಲಿ ಚೀಲ ಎದೆಗವಚಿಕೊಂಡು ನಿಂತಿದ್ದೆ. ಇಳಿದು ತೆರೆದಾಗ ಸ್ಕ್ರೀನಿನ ಬಲ ಮೂಲೆಯಿಂದ ಜೇಡರ ಬಲೆ ಹರಡಿತ್ತು, ಡಬ್ಬಿಯ ಅಂಚು ಒತ್ತಿದ ಜಾಗದಿಂದಲೇ. ಹೀಗೆ ಒಡೆದದ್ದಕ್ಕೆ ವಾರಂಟಿ ಬರುವುದಿಲ್ಲ. ಹತ್ತು ಸಾವಿರದ ಮೇಲೆ ಹೋಯಿತು. ಈ ಮಾನಿಟರ್‌ಗಳಿಗೆ ಲ್ಯಾಪ್‌ಟಾಪಿನ ಹಾಗೆ ಮುಚ್ಚುವ ಕೀಬೋರ್ಡ್ ಇಲ್ಲ, ಮುಖ ತೆರೆದೇ ಇರುತ್ತದೆ. ಈಗ ಸ್ಕ್ರೀನಿನ ಮುಖವನ್ನು ಲ್ಯಾಪ್‌ಟಾಪಿನ ಚಪ್ಪಟೆ ಬೆನ್ನಿಗೆ ಆನಿಸಿ, ನಡುವೆ ಒಂದು ತೆಳು ಬಟ್ಟೆ ಇಟ್ಟು, ಎರಡನ್ನೂ ಬೆನ್ನಿನ ಕಡೆಯ ಅರೆಯಲ್ಲಿ ಇಡುತ್ತೇನೆ. ಚಾರ್ಜರ್ ಮತ್ತು ಡಬ್ಬಿಗೆ ಬೇರೆ ಕೈಚೀಲ. ವಿಮಾನದಲ್ಲಿ ಹೋಗುವುದಾದರೂ ಲಗೇಜಿಗೆ ಹಾಕಬೇಡಿ, ಜೊತೆಯಲ್ಲೇ ಇಟ್ಟುಕೊಳ್ಳಿ. ಬ್ಯಾಡಗಿಗೆ ಹೋದರೆ ಮೆಣಸಿನಪುಡಿ ಬೇರೆ ಬಂದು ಕೂರುತ್ತದೆ. ಒಣ ಕರ್ಚೀಫಿನಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಅದೇ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಏನಾಗುತ್ತದೆ ಅಂತ ಬರೆಯುವುದಿಲ್ಲ.

ಅಂದ ಹಾಗೆ, ನಿಮ್ಮ ಹತ್ತಿರ ಟ್ಯಾಬ್ ಇದೆಯಾ? ಇದ್ದರೆ ದುಡ್ಡು ಹಾಕುವ ಮುಂಚೆ ಅದನ್ನೇ ಎರಡನೇ ಸ್ಕ್ರೀನ್ ಮಾಡಿ ಒಂದು ವಾರ ನೋಡಿ. ಮ್ಯಾಕ್ ಮತ್ತು ಐಪ್ಯಾಡ್ ಇದ್ದವರಿಗೆ 2019ರಿಂದಲೇ ಸೈಡ್‌ಕಾರ್ ಇದೆ. ವಿಂಡೋಸ್ ಮತ್ತು ಆಂಡ್ರಾಯ್ಡ್ ಆದರೆ ಸ್ಪೇಸ್‌ಡೆಸ್ಕ್ ತರಹದ ಆ್ಯಪ್ ಇವೆ. ವೈ-ಫೈನಲ್ಲಿ ಮೌಸ್ ಸ್ವಲ್ಪ ತಡವಾಗಿ ಬರುತ್ತದೆ. ಲಾಡ್ಜಿನ ವೈ-ಫೈನಲ್ಲಿ ಎಷ್ಟೋ ಸಲ ಒಂದು ಸಾಧನಕ್ಕೆ ಇನ್ನೊಂದು ಕಾಣುವುದೇ ಇಲ್ಲ, ಅವರೇ ಹಾಗೆ ಕಟ್ಟಿಹಾಕಿರುತ್ತಾರೆ. ಆಗ ಕೇಬಲ್ ಹಾಕಿ, ಇಲ್ಲವೇ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಟ್ಯಾಬ್ ಸ್ಕ್ರೀನ್ ಚಿಕ್ಕದು, ಎಕ್ಸೆಲ್‌ನ ಉದ್ದ ಸಾಲಿಗೆ ನನಗೆ ಸಾಲಲಿಲ್ಲ. ಆದರೆ ಒಂದು ಪಿಡಿಎಫ್ ತೆರೆದಿಟ್ಟು ಓದಲಿಕ್ಕೆ ಸಾಕು.

ಅಳತೆ ಕೇಳಿದರೆ, 15.6 ಇಂಚು, 1920×1080 ಚುಕ್ಕಿ (ಪಿಕ್ಸೆಲ್). ಇನ್ನೂ ಹೆಚ್ಚು ಚುಕ್ಕಿ ಇರುವ 4ಕೆ ಬೇಡ. ಅಷ್ಟು ಸಣ್ಣ ಸ್ಕ್ರೀನಿನಲ್ಲಿ ಅಕ್ಷರ ಕಾಣಲು ಹೇಗೂ ದೊಡ್ಡದು ಮಾಡಲೇಬೇಕು, ಕರೆಂಟೂ ಜಾಸ್ತಿ ತಿನ್ನುತ್ತದೆ. ಸ್ಪೀಕರ್ ಚೆನ್ನಾಗಿದೆಯಾ ಅಂತ ನೋಡುತ್ತಾ ಕೂರಬೇಡಿ, ಯಾವುದರದ್ದೂ ಚೆನ್ನಾಗಿರುವುದಿಲ್ಲ.

ಮೊದಲ ಸಲ ಇದನ್ನು ಬಿಚ್ಚಿದಾಗ ಮಿಲ್ಲಿನ ಸಾಹುಕಾರರು ‘ಏನ್ರೀ ಸರ, ಟಿವಿ ತಂದೀರೇನು?’ ಅಂತ ನಕ್ಕಿದ್ದರು. ಹೋದ ತಿಂಗಳು ಹೋದರೆ ಅವರ ಗುಮಾಸ್ತನ ಟೇಬಲ್ ಮೇಲೂ ಒಂದು ನಿಂತಿತ್ತು. ಫೋನಿನ ಬಿಳಿ ಕೇಬಲ್ ಹಾಕಿಕೊಂಡು ‘ನೋ ಸಿಗ್ನಲ್’ ಅನ್ನುತ್ತಿತ್ತು.

ನಿಮ್ಮ ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ನಂಬರ್ ಕೆಳಗೆ ಬರೆಯಿರಿ. ಸಿ ಪೋರ್ಟ್‌ನಲ್ಲಿ ಚಿತ್ರ ಬರುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ. 14ರಿಂದ 20ರೊಳಗೆ ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ.