ಮಿನಿ ಕರುಳಿಗೆ ರಾಗಿ ಸಾರ ಹಾಕುವ ಮುನ್ನ

ಪ್ರಶ್ನೆ: ಕರುಳಿನ ಉರಿಯೂತದ ಅಧ್ಯಯನಕ್ಕೆ ಮಾನವ ಆರ್ಗನಾಯ್ಡ್ (ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಕರುಳು) ಬೆಳೆಸಿ, ಮೀಡಿಯಾಗೆ (ಕೋಶಗಳ ಪೋಷಕ ದ್ರವ) ರಾಗಿ ಹೊಟ್ಟಿನ ಪಾಲಿಫಿನಾಲ್ (ಸಸ್ಯಗಳಲ್ಲಿರುವ ರಾಸಾಯನಿಕ) ಸಾರ ಹಾಕುತ್ತಿದ್ದೇವೆ. ಒಮ್ಮೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಎಲ್ಲವೂ ಸಾಯುತ್ತವೆ. ಏಕೆ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ರಾಗಿ ಹೋದರೆ ಅರಿಶಿನ, ಅರಿಶಿನ ಹೋದರೆ ನುಗ್ಗೆಸೊಪ್ಪು, ಪ್ರಶ್ನೆ ಮಾತ್ರ ಇದೇ. ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಲೋಳೆಯಲ್ಲಿ ಬೆಳೆದ ಆರ್ಗನಾಯ್ಡ್‌ನಲ್ಲಿ ಆಹಾರ ತಾಗಬೇಕಾದ ಮೈ ಒಳಗಿನ ಟೊಳ್ಳಿನ ಕಡೆಗಿರುತ್ತದೆ. ಮೀಡಿಯಾ ತಾಗುವುದು ರಕ್ತದ ಕಡೆಯ ಮೈಗೆ. ಅಂದರೆ ನೀವು ಸಾರ ಸುರಿಯುತ್ತಿರುವುದು ಕರುಳಿನ ಬೆನ್ನಿಗೆ.

ಪದರವಾಗಿ ಬೆಳೆಸಿ, ಆಗ ಆಹಾರ ತಾಗುವ ಮೈ ಮೇಲಕ್ಕಿರುತ್ತದೆ. ಆರ್ಗನಾಯ್ಡ್‌ಗಳನ್ನು ಟ್ರಿಪ್‌ಎಲ್‌ಇ ಎಂಬ ಕಿಣ್ವದಲ್ಲಿ 37 ಡಿಗ್ರಿಯಲ್ಲಿ ಬಿಡಿ ಕೋಶಗಳಾಗಿ ಒಡೆದು, 40 ಪಟ್ಟು ತೆಳುಗೊಳಿಸಿದ ಮ್ಯಾಟ್ರಿಜೆಲ್ ಸವರಿದ 0.4 ಮೈಕ್ರಾನ್ ರಂಧ್ರದ ಇನ್ಸರ್ಟ್ (ಪೊರೆಯ ತಳದ ಪುಟ್ಟ ಬಟ್ಟಲು) ಮೇಲೆ ಬಿತ್ತಿ. 24 ವೆಲ್ (ಗುಳಿ) ಇರುವ ತಟ್ಟೆಯ ಇನ್ಸರ್ಟ್‌ಗೆ ಒಂದೂವರೆ ಲಕ್ಷದಷ್ಟು ಕೋಶ ಸಾಕು. ಮೊದಲ ಎರಡು ದಿನ ಬಿಡಿ ಕೋಶ ಸಾಯದಂತೆ ತಡೆಯುವ ವೈ-27632 (10 ಮೈಕ್ರೋಮೋಲಾರ್) ಇರಲೇಬೇಕು, ಇಲ್ಲದಿದ್ದರೆ ಬಿಡಿ ಕೋಶಗಳು ಉಳಿಯವು. ಪದರ ತುಂಬಿದ ಮೇಲೆ, ಕೋಶಗಳನ್ನು ಎಳೆಯದಾಗಿಯೇ ಇಡುವ ವಿಂಟ್, ನಿಕೋಟಿನಮೈಡ್, ಎಸ್‌ಬಿ202190 ತೆಗೆದು ನಾಲ್ಕೈದು ದಿನ ಪಕ್ವವಾಗಲು ಬಿಡಿ. ಪದರದ ವಿದ್ಯುತ್ ರೋಧ (ಅದು ಸೋರುತ್ತಿಲ್ಲ ಎಂಬುದರ ಅಳತೆ) ಸ್ಥಿರವಾಗುವವರೆಗೆ ಸಾರದ ಬಾಟಲಿ ಮುಟ್ಟಬೇಡಿ: ಪದರ ಸೋರುತ್ತಿದ್ದರೆ ಮೇಲೆ ಹಾಕಿದ್ದೂ ಕೆಳಗೆ ಹಾಕಿದ್ದೂ ಒಂದೇ.

ಸಾಯುವುದಕ್ಕೆ ನನ್ನ ಮೊದಲ ಅನುಮಾನ ಹೈಡ್ರೋಜನ್ ಪೆರಾಕ್ಸೈಡ್ ಮೇಲೆ. ಪಾಲಿಫಿನಾಲ್‌ಗಳು ಮೀಡಿಯಾದಲ್ಲೇ ಆಕ್ಸಿಡೀಕರಣಗೊಂಡು ಅದನ್ನು ಹುಟ್ಟಿಸುತ್ತವೆ. ಹಳೆಯ ಸಾರ, ಹೊಸ ಸಾರ ಎಂದು ಫಲಿತಾಂಶ ಓಲಾಡುವುದೂ ಇದರಿಂದಲೇ ಇರಬಹುದು. ಸಾರದ ಜೊತೆ, ಪೆರಾಕ್ಸೈಡನ್ನು ಒಡೆಯುವ ಕಿಣ್ವ ಕ್ಯಾಟಲೇಸ್ ಹಾಕಿದ ಒಂದು ವೆಲ್ ಇಡಿ. ಅಲ್ಲಿ ಕೋಶಗಳು ಬದುಕಿದರೆ ಕೊಂದದ್ದು ರಾಗಿಯಲ್ಲ. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ 0.1 ದಾಟಬಾರದು, ಅಷ್ಟೇ ಡಿಎಂಎಸ್‌ಒ ಮಾತ್ರ ಇರುವ ವೆಲ್ ಬೇರೆ ಬೇಕು.

ಇನ್ನೊಂದು ಮಾತು. ಮುದ್ದೆ ಹೊಟ್ಟೆ ದಾಟಿಯೇ ಕರುಳಿಗೆ ಬರುವುದು. ಹೊಟ್ಟೆಯ ಕಿಣ್ವ ಪೆಪ್ಸಿನ್ (ಪಿಎಚ್ 3, ಎರಡು ಗಂಟೆ), ಬಳಿಕ ಪಿತ್ತ ಲವಣ ಸೇರಿಸಿ ಮೇದೋಜೀರಕದ ಕಿಣ್ವಗಳ ಮಿಶ್ರಣ ಪ್ಯಾಂಕ್ರಿಯಾಟಿನ್ (ಪಿಎಚ್ 7, ಎರಡು ಗಂಟೆ) ಕೊಟ್ಟು ಜೀರ್ಣಿಸಿದ ಸಾರವನ್ನೇ ಬಳಸಿ. ತೆಳುಗೊಳಿಸದೆ ಹಾಕಿದರೆ ಪಿತ್ತ ಲವಣವೇ ಪದರವನ್ನು ಕರಗಿಸುತ್ತದೆ. ರಾಗಿಯಿಲ್ಲದೆ ಇದೇ ಕ್ರಮದಲ್ಲಿ ತಯಾರಿಸಿದ ದ್ರವವೇ ನಿಮ್ಮ ಕಂಟ್ರೋಲ್ (ಹೋಲಿಕೆಯ ಮಾದರಿ), ಬರೀ ಮೀಡಿಯಾ ಅಲ್ಲ.

ಪ್ರಶ್ನೆ: ಮ್ಯಾಟ್ರಿಜೆಲ್ ದುಬಾರಿ. ಜೆಲಟಿನ್ ಆಗದೇ?

ಉತ್ತರ: 37 ಡಿಗ್ರಿಯಲ್ಲಿ ಅದು ಕರಗಿ ನೀರಾಗುತ್ತದೆ.

ಪ್ರಶ್ನೆ: ಆರ್ಗನಾಯ್ಡ್‌ನ ಒಳಗೆ ಕಪ್ಪಗಾಗಿದೆ, ಸೋಂಕೇ?

ಉತ್ತರ: ಬಹುಪಾಲು ಉದುರಿದ ಸತ್ತ ಕೋಶಗಳು. ಒಡೆದು ಮರುನಾಟಿ ಮಾಡಿ.

ಪ್ರಶ್ನೆ: ತಂದೆಯವರಿಗೆ ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ). ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಹೊಸ ಕರುಳು ಬೆಳೆಸುತ್ತೇವೆ ಎಂದು ಒಂದು ಕ್ಲಿನಿಕ್‌ನವರು ಮುಂಗಡ ಕೇಳಿದ್ದಾರೆ.
– ಮಂಡ್ಯ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ, ಕೆಲವು ರಕ್ತದ ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ, ಅದಕ್ಕೆ ರೋಗಿಯಿಂದ ದುಡ್ಡು ಕೀಳುವಂತಿಲ್ಲ. ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ. ತಂದೆಯವರ ಈಗಿನ ಮಾತ್ರೆ ಮಾತ್ರ ನಿಲ್ಲಿಸಬೇಡಿ.