ಓದುಗರ ಪ್ರಶ್ನೆ: ಅರ್ಧಕ್ಕೆ ನಿಲ್ಲುವ ವಿವಾಡೊ

ಪ್ರಶ್ನೆ: ಉಬುಂಟು ಲಿನಕ್ಸ್ 24.04ರಲ್ಲಿ ಚಿಪ್ ವಿನ್ಯಾಸದ ತಂತ್ರಾಂಶವಾದ ವಿವಾಡೊದ ಹಳೆಯ ಆವೃತ್ತಿ ಹಾಕುತ್ತಿದ್ದೇನೆ. ಕೊನೆಗೆ ‘ಜನರೇಟಿಂಗ್ ಇನ್‌ಸ್ಟಾಲ್ಡ್ ಡಿವೈಸ್ ಲಿಸ್ಟ್’ ಎಂದು ತೋರಿಸಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಎರರ್ ಕೂಡ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಕಾಯಬೇಡಿ, ಅದು ಮುಗಿಯುವುದಿಲ್ಲ. ಆ ಹಂತದಲ್ಲಿ ಇನ್‌ಸ್ಟಾಲರ್ ಹಿನ್ನೆಲೆಯಲ್ಲಿ ವಿವಾಡೊವನ್ನೇ ಓಡಿಸಲು ನೋಡುತ್ತದೆ. ಅದಕ್ಕೆ ಬೇಕಿರುವುದು ಲಿಬ್‌ಟಿನ್‌ಫೊ 5 ಎಂಬ ಲೈಬ್ರರಿ; 24.04ರ ಪ್ಯಾಕೇಜ್ ಭಂಡಾರದಲ್ಲಿರುವುದು 6 ಮಾತ್ರ. ವಿವಾಡೊ ಏಳುವುದಿಲ್ಲ, ಇನ್‌ಸ್ಟಾಲರ್ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಇನ್‌ಸ್ಟಾಲರ್ ನಿಲ್ಲಿಸಿ, ಅರ್ಧಂಬರ್ಧ ಇಳಿದ ಫೋಲ್ಡರ್ ಅಳಿಸಿ. ಉಬುಂಟು 22.04ರ ಭಂಡಾರದಿಂದ ಲಿಬ್‌ಟಿನ್‌ಫೊ5, ಲಿಬ್‌ಎನ್‌ಕರ್ಸಸ್5 ಎರಡರ ಡೆಬ್ (ಪ್ಯಾಕೇಜ್) ಫೈಲುಗಳನ್ನೂ ಇಳಿಸಿಕೊಳ್ಳಿ. ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಲಿ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಎರಡನ್ನೂ ಒಟ್ಟಿಗೆ ಕೊಡಿ. ಫೈಲಿನ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ (./) ಮರೆಯಬೇಡಿ, ಇಲ್ಲವಾದರೆ ಆಪ್ಟ್ ಅವನ್ನು ಭಂಡಾರದಲ್ಲಿ ಹುಡುಕಿ ‘ಸಿಗಲಿಲ್ಲ’ ಎನ್ನುತ್ತದೆ. ಆಮೇಲೆ ಇನ್‌ಸ್ಟಾಲರನ್ನು ಮೊದಲಿನಿಂದ ಓಡಿಸಿ.

6ಕ್ಕೆ 5ರ ಹೆಸರಿನ ಸಿಮ್‌ಲಿಂಕ್ (ಒಂದು ಫೈಲನ್ನು ಬೇರೆ ಹೆಸರಲ್ಲಿ ತೋರಿಸುವ ಕೊಂಡಿ) ಕೊಡುವ ಉಪಾಯವೂ ಚಾಲ್ತಿಯಲ್ಲಿದೆ. ಹಲವು ಸಲ ನಡೆಯುತ್ತದೆ, ಆದರೆ ಎರಡರ ಒಳರಚನೆ ಒಂದೇ ಅಲ್ಲ, ನಂಬುವಂಥದ್ದಲ್ಲ.

ಇನ್ನೊಂದು: ಲಿನಕ್ಸ್‌ನಲ್ಲಿ ಬೋರ್ಡ್ ಜೋಡಿಸುವ ಕೇಬಲ್‌ನ ಡ್ರೈವರ್ ತಾನಾಗಿ ಕೂರುವುದಿಲ್ಲ. ಬೋರ್ಡ್ ಕಾಣದಿದ್ದರೆ ವಿವಾಡೊ ಫೋಲ್ಡರಿನೊಳಗಿನ ‘ಇನ್‌ಸ್ಟಾಲ್ ಡ್ರೈವರ್ಸ್’ ಸ್ಕ್ರಿಪ್ಟನ್ನು ಸುಡೊ ಹಾಕಿ ಓಡಿಸಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ.