ಕಾರಿನ ಎಂಜಿನ್ ಬದಲಿಸುವಾಗ ಅಕ್ಕಪಕ್ಕದ ಬಿಡಿಭಾಗಗಳನ್ನೂ ಬದಲಿಸಬೇಕೇ?

ಎಲ್ಲವನ್ನೂ ಬೇಡ. ಎಂಜಿನ್ ಕೆಳಗಿಳಿದಾಗ ಮಾತ್ರ ಸುಲಭವಾಗಿ ಕೈಗೆ ಸಿಗುವ, ಸವೆಯುವ ಭಾಗಗಳನ್ನು ಖಂಡಿತ ಬದಲಿಸಿ.

ಕಾರಣ ಕೂಲಿ. ಕ್ಲಚ್ ಪ್ಲೇಟನ್ನೇ ನೋಡಿ: ಅದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತಿರುತ್ತದೆ. ಮುಂದೆ ಅದೊಂದು ಸವೆದರೂ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಈಗಲಾದರೆ ಅದು ಹೇಗೂ ಬಿಚ್ಚಿಯೇ ಇದೆ; ಭಾಗದ ಬೆಲೆ ಕೊಟ್ಟರೆ ಸಾಕು. ಕ್ಲಚ್‌ನ ರಿಲೀಸ್ ಬೇರಿಂಗ್, ಕ್ರ್ಯಾಂಕ್‌ಶಾಫ್ಟ್‌ನ (ಎಂಜಿನ್‌ನ ತಿರುಗುವ ಮುಖ್ಯ ದಂಡ) ಹಿಂಬದಿಯ ಆಯಿಲ್ ಸೀಲ್ ಕೂಡ ಅಲ್ಲೇ ಇರುತ್ತವೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್ ಹೊಸ ಎಂಜಿನ್ ಜೊತೆಗೇ ಬಂದಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ಎಂಜಿನ್ ಆದರೆ ಇವನ್ನು ಹೊಸದಾಗಿಯೇ ಹಾಕಿಸಿ. ರಬ್ಬರ್ ಹೋಸ್‌ಗಳು, ಎಂಜಿನ್ನನ್ನು ಹಿಡಿದಿಡುವ ಮೌಂಟ್‌ಗಳು ಬಿರುಕು ಬಿಟ್ಟಿದ್ದರೆ ಅವನ್ನೂ ಬದಲಿಸಿ.

ಇನ್ನೊಂದು ಮಾತು, ಇದನ್ನು ತುಂಬ ಜನ ಮರೆಯುತ್ತಾರೆ: ಹಳೆಯ ಎಂಜಿನ್ ಯಾಕೆ ಕೆಟ್ಟಿತು? ಬೇರಿಂಗ್ ಸವೆದು ಸೀಜ್ ಆಗಿದ್ದರೆ, ಅಂದರೆ ತಿರುಗದೆ ಬಿಗಿದುಕೊಂಡಿದ್ದರೆ, ಲೋಹದ ಚೂರುಗಳು ಎಂಜಿನ್ ಆಯಿಲ್ ತಂಪು ಮಾಡುವ ಆಯಿಲ್ ಕೂಲರ್‌ನೊಳಗೆ ಉಳಿದಿರಬಹುದು. ಅದನ್ನೇ ಮತ್ತೆ ಜೋಡಿಸಿದರೆ ಆ ಚೂರುಗಳು ಹೊಸ ಬೇರಿಂಗ್‌ಗಳನ್ನೂ ತಿನ್ನುತ್ತವೆ. ಕೂಲರ್ ಒಳಭಾಗವನ್ನು ಪೂರ್ತಿ ತೊಳೆಯುವುದು ಕಷ್ಟ, ಹೊಸದೇ ಲೇಸು. ಅತಿಯಾಗಿ ಬಿಸಿಯಾಗಿ ಕೆಟ್ಟಿದ್ದರೆ ರೇಡಿಯೇಟರ್ ಮತ್ತು ಫ್ಯಾನ್ ಪರೀಕ್ಷಿಸದೆ ಹೊಸ ಎಂಜಿನ್ ಕೂರಿಸಲೇಬೇಡಿ.

ಆಲ್ಟರ್ನೇಟರ್, ಎಸಿ ಕಂಪ್ರೆಸರ್‌ನಂಥವು ಚೆನ್ನಾಗಿದ್ದರೆ ಹಳೆಯವೇ ಇರಲಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಇಳಿಸದೆಯೇ ಅವನ್ನು ಬದಲಿಸಬಹುದು.